ಎರಡನೇ ಮಹಡಿಯ ಅಗಿಯುವ ಯಂತ್ರಕ್ಕೆ ಹಲ್ಲಿಲ್ಲದ ದರ್ಜಿಯ ಅಹವಾಲು

ಗೆ,
ಶ್ರೀಮಾನ್ ಅಗಿಯುವ ಯಂತ್ರದವರು,
ಕಟ್ಟುಹಲ್ಲುಗಳ ವಿನ್ಯಾಸ ಹಾಗೂ ಬಲಪರೀಕ್ಷೆಯ ಪ್ರಯೋಗಾಲಯ,
ದಂತ ಸಂಶೋಧನಾಲಯ, ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು.

ಮಾನ್ಯರೇ,

ಮೊದಲಿಗೆ, ತಮ್ಮ ಉಕ್ಕಿನ ದವಡೆಗಳಿಗೆ ನನ್ನ ಬರಿಯ ವಸಡಿನ ಅನಂತ ನಮಸ್ಕಾರಗಳು. ಈ ಪತ್ರ ಕೈಸೇರುವ ಹೊತ್ತಿಗೆ ತಾವು ಎಂದಿನಂತೆ ಏನನ್ನೂ ತಿನ್ನದೆ ಅಗಿಯುತ್ತ, ಯಾರ ಮೇಲೂ ಸಿಟ್ಟಿಲ್ಲದೆ ಹಲ್ಲು ಕಡಿಯುತ್ತ, ಕೊಳವೆಯಿಂದ ಬರುವ ಬಿಸಿನೀರನ್ನೂ ತಣ್ಣೀರನ್ನೂ ಸಮಚಿತ್ತದಿಂದ ಸ್ವೀಕರಿಸುತ್ತ ಸುಖವಾಗಿರುವಿರೆಂದು ನಂಬಿದ್ದೇನೆ. ನಮ್ಮ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ಕಾಗದದ ಪದ್ಧತಿ. ಆದರೆ ನನ್ನ ಮೇಲಿನ ಹಲ್ಲುಸೆಟ್ಟು ಸರಿಯಾಗಿ ನಡುವೆ ಸೀಳಿ ಎರಡು ಹೋಳಾಗಿ ತಮ್ಮದೇ ಕೋಣೆಯ ಗಾಜಿನ ಡಬ್ಬಿಯೊಳಗೆ ಮಲಗಿರುವಾಗ, ಅಷ್ಟು ದೊಡ್ಡ ಸುಳ್ಳನ್ನು ಅದರ ಕಣ್ಣೆದುರಿಗೇ ಬರೆಯಲು ಕೈ ಬರುವುದಿಲ್ಲ.

ನಾನು ಕೋಟು ಹೊಲಿಯುವ ದರ್ಜಿ. ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿಯವನಿಗೂ ನಡುವೆ, ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ಕಾಯಬೇಕಾದಷ್ಟು ವಿಶಾಲವಾದ ಅಂಗಡಿ ನನ್ನದು. ದೂರು ಹೊತ್ತು ಮೊದಲು ನಾನು ತಮ್ಮ ಬಳಿಗೆ ಬಂದವನಲ್ಲ. ತಮ್ಮ ವಿಭಾಗದ ಮುಖ್ಯಸ್ಥರ ಬಳಿಗೇ ಹೋಗಿ, ಹಲ್ಲಿಲ್ಲದ ಬಾಯಲ್ಲಿ ಎಷ್ಟು ಕೂಗಾಡಬಹುದೋ ಅಷ್ಟು ಕೂಗಾಡಿದ್ದೆ. ಅವರು ಟೈ ಸರಿಪಡಿಸಿಕೊಂಡು, "ನೋಡಿ ಟೈಲರ್ ಅವರೇ, ನಮ್ಮ ಮೇಲೆ ರೇಗಿ ಏನು ಪ್ರಯೋಜನ? ಯಂತ್ರ ಏನು ಹೇಳ್ತೋ ಅದನ್ನೇ ನಾವು ಬರೆದಿದೀವಿ" ಎಂದು ಕೈ ತೊಳೆದುಕೊಂಡರು. ಹೇಳಿದವರನ್ನು ಬಿಟ್ಟು ಬರೆದುಕೊಂಡವರ ಮೇಲೆ ಹರಿಹಾಯುವುದು ನ್ಯಾಯವಲ್ಲವೆಂದು ನನಗೂ ಅನ್ನಿಸಿತು. ಜೊತೆಗೆ, ಅಲ್ಲಿನ ಸಂಶೋಧಕಿ ಹುಡುಗಿ ತಮ್ಮನ್ನು 'ನಮ್ಮ ದೊಡ್ಡಪ್ಪ' ಎಂದು ಕರೆಯುವುದನ್ನು ಕೇಳಿ, ತಾವು ಸಂಸಾರಸ್ಥರ ಕಷ್ಟ ಬಲ್ಲವರಿರಬೇಕೆಂಬ ಧೈರ್ಯವೂ ಬಂತು. ಹೀಗಾಗಿ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ತಮಗೆ ಓದು ಬಾರದೇನೋ ಎಂಬ ಅನುಮಾನವಿದೆ, ಯಾರಾದರೂ ಪುಣ್ಯಾತ್ಮರು ಓದಿ ಹೇಳಲಿ.

ವಿಷಯ ನನ್ನ ಹಲ್ಲಿನದೆಂದು ತಾವು ತಿಳಿದಿರಬಹುದು. ನನ್ನ ಹಲ್ಲಿಗೆ ಬೆಂಕಿ ಬೀಳಲಿ. ವಿಷಯ ನನ್ನ ಹೆಂಡತಿಯ ಹಲ್ಲಿನದು. ವಸಡಿನ ಕಾಯಿಲೆ ಹಿಡಿದು ಅವಳ ಹಲ್ಲುಗಳನ್ನು ಒಂದೂ ಬಿಡದೆ ಕೀಳಬೇಕಾಯಿತು. ಆಮೇಲೆ ಅಗ್ಗಕ್ಕೆ ಸಿಗುತ್ತದೆಂದು ಯಾರೋ ಹೇಳಿದ ಕಡೆ ಒಂದು ಜೊತೆ ಕಟ್ಟಿಸಿಕೊಂಡಳು. ಆ ಮಹಾನ್ ಕಲಾಕೃತಿಯ ಕೆಳಸಾಲು ಅವಳ ಅಕ್ಕನ ಮನೆಯಲ್ಲಿ, ಭಾವನೂ ಮಕ್ಕಳೂ ಸೊಸೆಯಂದಿರೂ ಸುತ್ತ ಕೂತು ಊಟ ಮಾಡುತ್ತಿದ್ದಾಗ, ಅವಳು ನಗಲು ಬಾಯಿ ತೆರೆದದ್ದೇ ತಡ, ಹೊರಕ್ಕೆ ಹಾರಿ ಭಾವನ ತಟ್ಟೆಯಲ್ಲಿ ಬಿತ್ತು. ಮೇಲಿನ ಸಾಲು ಮಾರನೆಯ ಬೆಳಿಗ್ಗೆ ತೊಳೆಯುವಾಗ ಕೈಜಾರಿ ಸಿಂಕಿಗೆ ಬಿದ್ದು ಮುರಿಯಿತು. ಅಂದಿನಿಂದ ಅವಳದು ಒಂದೇ ಮಾತು: "ಸತ್ರೂ ಇನ್ನೊಂದು ಸೆಟ್ಟಿಗೆ ನಾನು ಬಾಯಿ ಕೊಡಲ್ಲ."

ಆಮೇಲೆ ಅವಳು ಹಾಲಲ್ಲಿ ನೆನೆಸಿದ ಬ್ರೆಡ್ಡು, ಬೇಯಿಸಿ ಹಿಸುಕಿದ ಆಲೂಗೆಡ್ಡೆ, ಇಷ್ಟನ್ನು ನನ್ನ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತುಕೊಂಡು ತಿನ್ನತೊಡಗಿದಳು. ಅವಳ ಬಟ್ಟೆಗಳನ್ನು ಒಳಕ್ಕೆ ಹಿಡಿದು ಮತ್ತೆ ಮತ್ತೆ ಹೊಲಿದುಕೊಡುವವನು ನಾನೇ ಆದ್ದರಿಂದ, ಅವಳು ಎಷ್ಟು ಇಳಿದುಹೋಗಿದ್ದಾಳೆಂದು ತೂಕದ ಯಂತ್ರ ನನಗೆ ಹೇಳಬೇಕಾಗಿರಲಿಲ್ಲ. ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಳು. ಮಾತಾಡಿದರೆ ಬಾಯಿಗೆ ಕೈ ಅಡ್ಡ. ಜಗಳಕ್ಕೆ ನಿಂತರೆ ಎದುರು ಮನೆಯವರು ರೇಡಿಯೋ ಆರಿಸಿ ಕಿಟಕಿ ತೆರೆಯುತ್ತಿದ್ದಂಥ ಹೆಂಗಸು ಇವಳು, ದೊಡ್ಡಪ್ಪನವರೇ. ಅಂಥವಳು 'ಹೂಂ', 'ಉಹೂಂ' ಎಂಬ ಎರಡೇ ಪದಗಳಲ್ಲಿ ಸಂಸಾರ ನಡೆಸತೊಡಗಿದಳು. ಇವಳು ಒಂದು ಗಳಿಗೆ ಸುಮ್ಮನಿದ್ದರೆ ಸಾಕಪ್ಪಾ ಎಂದು ಮದುವೆಯಾದಂದಿನಿಂದ ಬೇಡಿಕೊಂಡವನು ನಾನು. ನಿಜವಾಗಿ ಸುಮ್ಮನಾದ ಮೇಲೆ, ಸಂಜೆ ಅಂಗಡಿಯ ಬಾಗಿಲು ಎಳೆದು ಆ ಮನೆಯೊಳಗೆ ಕಾಲಿಡಲು ನನಗೆ ಭಯವಾಗುತ್ತಿತ್ತು.

ಅಂಥ ಹೊತ್ತಿನಲ್ಲಿ, ಹೊಸ ವಿನ್ಯಾಸದ ಹಲ್ಲುಸೆಟ್ಟುಗಳನ್ನು ಹಾಕಿಕೊಂಡು ಓಡಾಡಿ ತೋರಿಸಲು ಬೊಚ್ಚುಬಾಯಿಯವರು ಬೇಕಾಗಿದ್ದಾರೆಂದು ತಮ್ಮ ಸಂಶೋಧನಾಲಯದಿಂದ ಕರೆ ಬಂತು. ನನ್ನ ಕೆಳಗಿನ ಹಲ್ಲುಗಳು ನನ್ನವೇ, ಈಗಲೂ ಗಟ್ಟಿ. ಮೇಲಿನವು ಮಾತ್ರ ಆ ವೇಳೆಗೆ ಪೂರ್ತಿ ವಿದಾಯ ಹೇಳಿದ್ದವು. ಇಬ್ಬರೂ ಸೇರಿಕೊಳ್ಳೋಣ ಎಂದೆ. ಅವಳು ನನ್ನ ಬಾಯನ್ನೇ ದಿಟ್ಟಿಸಿ, ಕೈ ಅಡ್ಡ ಹಿಡಿದುಕೊಂಡೇ, "ಮೊದ್ಲು ನಿಮ್ಮ ಬಾಯಲ್ಲಿ ಒಂದು ವರ್ಷ ಬಾಳ್ಲಿ. ಮುರೀದೇ ಉಳಿದ್ರೆ ನಾನೂ ಹಾಕಿಸ್ಕೊತೀನಿ" ಎಂದಳು. ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಕೇಳಿ ಎಷ್ಟು ದಿನವಾಗಿತ್ತೋ! ತಮಗೆ ಒಂದು ಪ್ರಯೋಗಾಲಯವಿದ್ದರೆ ಅವಳಿಗೆ ನನ್ನ ಬಾಯಿಯೇ ಪ್ರಯೋಗಾಲಯವಾಯಿತು. ಅವಳು ಇನ್ನು ಮುಂದೆ ಕೂತು ಉಣ್ಣುತ್ತಾಳೋ ನಿಂತು ನುಂಗುತ್ತಾಳೋ ಎಂಬುದು ನನ್ನ ಅಂಗುಳಕ್ಕೆ ಅಂಟಿದ ಆ ಗುಲಾಬಿ ತಟ್ಟೆಯ ಮೇಲೆ ನಿಂತಿತು.

ಸಂಶೋಧಕಿ ಹುಡುಗಿ ಬಹಳ ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದಳು. ಮೇಲಿನ ಸೆಟ್ಟುಗಳು ಸಾಮಾನ್ಯವಾಗಿ ನಡುಗೆರೆಯಲ್ಲೇ ಸೀಳುತ್ತವಂತೆ. ಅಗಿದಾಗಲೆಲ್ಲ ಎರಡೂ ಪಕ್ಕ ಮೇಲಕ್ಕೆ ಬಾಗಿ, ಅಂಗುಳದ ನಡುವಿನ ಗಟ್ಟಿ ಏಣಿನ ಮೇಲೆ ಮಡಚಿ ಬಿಚ್ಚಿ, ಕೊನೆಗೊಂದು ದಿನ ಮಡಿಕೆಯ ಗುಂಟ ಹರಿಯುತ್ತವಂತೆ. ಅದಕ್ಕೇ ಈ ಹೊಸ ವಿನ್ಯಾಸದಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಗಾಜಿನ ನೂಲನ್ನು ಅಡ್ಡಡ್ಡ ಹಾಸಿದ್ದಾರೆ, ಬಿರುಕು ಹುಟ್ಟುವ ಚೂಪು ಮೂಲೆಗಳನ್ನು ದುಂಡಗೆ ತಿದ್ದಿದ್ದಾರೆ. ಕೋಟಿನ ಎದೆ ಬಿಗಿಯಾಗಿ ನಿಲ್ಲಲೆಂದು ಒಳಗೆ ಕ್ಯಾನ್ವಾಸು ಕೊಟ್ಟ ಹಾಗೆ ಅನ್ನು ಎಂದೆ, ಹಾಗೇ ಎಂದಳು. ನಂತರ ನನ್ನನ್ನು ತಮ್ಮ ಸನ್ನಿಧಿಗೆ ಕರೆತಂದು, ನನ್ನ ಸೆಟ್ಟಿನ ಒಡಹುಟ್ಟೊಂದನ್ನು ತಾವು ಹನ್ನೆರಡು ಲಕ್ಷ ಸಲ ಕಚ್ಚಿ ನೋಡಿರುವಿರೆಂದೂ ಅದರ ಮೈಮೇಲೆ ಒಂದು ಗೆರೆಯೂ ಬಿದ್ದಿಲ್ಲವೆಂದೂ ಹೇಳಿ, "ನಮ್ಮ ದೊಡ್ಡಪ್ಪ ಅಗಿದು ಪಾಸು ಮಾಡಿದಾರೆ ಅಂಕಲ್, ಐದು ವರ್ಷದ ಊಟ ಅದು. ನೀವು ಆರಾಮಾಗಿ ತಿನ್ನಿ" ಎಂದಳು.

ಆ ದಿನ ತಮ್ಮನ್ನು ಕಂಡು ನನಗೆ ಉಂಟಾದ ಭಕ್ತಿಯನ್ನು ಇಲ್ಲಿ ದಾಖಲಿಸದಿದ್ದರೆ ಅಪಚಾರವಾದೀತು. ಮಾನ್ಯರೇ, ತಮ್ಮಂತೆ ಅಗಿಯುವವರನ್ನು ನಾನು ಕಂಡಿಲ್ಲ. ಬಾಯೊಳಗೆ ತುತ್ತಿಲ್ಲ, ಮುಂದೆ ತಟ್ಟೆಯಿಲ್ಲ, ಆದರೂ ರಜೆಯೆನ್ನದೆ ಹಬ್ಬವೆನ್ನದೆ ಅದೇ ಶ್ರದ್ಧೆ, ಅದೇ ಲಯ! ಉಪ್ಪು ಕಡಿಮೆಯೆಂದು ತಾವು ಮುಖ ಗಂಟಿಕ್ಕುವುದಿಲ್ಲ, ಇನ್ನೊಬ್ಬರ ತಟ್ಟೆಗೆ ಕಣ್ಣು ಹಾಕುವುದಿಲ್ಲ, ಉಣ್ಣುವಾಗ ಮೊಬೈಲು ನೋಡುವುದಿಲ್ಲ, ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಮನೆಯವರ ಏಳು ತಲೆಮಾರನ್ನು ಜಾಲಾಡುವುದಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯ ಮೊದಲ ಅರ್ಧ ತಾವಾದರೆ ಎರಡನೆಯ ಅರ್ಧ ನನ್ನ ಹೆಂಡತಿ. ಇಂಥ ಸಜ್ಜನರೊಬ್ಬರು ಪಾಸು ಮಾಡಿದ ಹಲ್ಲು ತಿಂಗಳುಗಟ್ಟಲೆಯಲ್ಲ, ವರ್ಷಗಟ್ಟಲೆ ಬಾಳುತ್ತದೆಂದು ನಾನು ಮನೆಗೆ ಬಂದು ಅವಳ ಮುಂದೆ ಕೊಚ್ಚಿಕೊಂಡೆ.

ನಿಜ ಹೇಳಬೇಕೆಂದರೆ ಮೊದಮೊದಲು ತಾವು ಮಾತು ಉಳಿಸಿಕೊಂಡಿರಿ. ದಿನವೂ ಊಟವಾದ ಮೇಲೆ ನನ್ನ ಹೆಂಡತಿ ಟಾರ್ಚು ಹಿಡಿದು ಬಂದು ಬಾಯಿ ತೆರೆಸಿ, ಚಮಚದ ಹಿಡಿಯಿಂದ ಅಂಗುಳದ ತಟ್ಟೆಯನ್ನು ಟಕಟಕ ಬಡಿದು, ಮಡಕೆ ಕೊಳ್ಳುವವಳ ಹಾಗೆ ಕಿವಿಗೊಟ್ಟು ಕೇಳುತ್ತಿದ್ದಳು. ಸೀನಿದರೆ ಹಾರುತ್ತದೋ ಏನೋ ಎಂಬ ಅನುಮಾನ ಬಂದು ನನ್ನ ಮೂಗಿನ ಕೆಳಗೆ ಮೆಣಸಿನ ಪುಡಿ ಹಿಡಿದಳು. ಮನೆಯ ಬೆಕ್ಕು ಆ ದಿನ ಊರು ಬಿಟ್ಟಿತು, ಹಲ್ಲು ಮಾತ್ರ ಅಲುಗಲಿಲ್ಲ. ಅವಳ ಪ್ರಶ್ನೆಗಳು ಬರಬರುತ್ತ ಉದ್ದವಾದವು. ನಗುವಾಗ ಜಾರುತ್ತದೆಯೇ, ಬಿಸಿ ಕುಡಿದರೆ ನಾಲಿಗೆಗೆ ತಿಳಿಯುತ್ತದೆಯೇ, ಯಾರನ್ನಾದರೂ ಜೋರಾಗಿ ಬೈದು ನೋಡಿದಿರಾ? ಒಂದು ಮಧ್ಯಾಹ್ನ ಅವಳು ಅಕ್ಕನಿಗೆ ಫೋನು ಮಾಡಿ, "ನೋಡೋಣ ಕಣೆ, ಇವರದು ಗಟ್ಟಿಯಾಗೇ ಇದೆ. ನಾನೂ ಮನಸ್ಸು ಮಾಡ್ತೀನೇನೋ" ಎಂದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ನಾನು, ಆ ಸಂತೋಷಕ್ಕೆ ಅಂಗಡಿಗೆ ಹೋಗಿ ಕೋಟೊಂದರ ತೋಳನ್ನು ತಿರುಗುಮುರುಗಾಗಿ ಕೂಡಿಸಿ ಹೊಲಿದುಬಿಟ್ಟೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ತುತ್ತು ಸರಿಯಾಗಿಯೇ ಬಂತು, ಬಾಯಿಯೇ ಎರಡಾಯಿತು. ಪಕ್ಕದ ಬೀದಿಯ ಶಾಲೆಯ ಹೆಡ್‌ಮಾಸ್ಟರು ಅಂದು ಸಂಜೆಯ ಸನ್ಮಾನಕ್ಕೆಂದು ಹೊಸ ಕೋಟು ತೊಟ್ಟು ನನ್ನ ಕನ್ನಡಿಯ ಮುಂದೆ ನಿಂತಿದ್ದರು. ಎದೆಯ ಗುಂಡಿಯೊಂದು ಸಡಿಲವಿದೆಯೆಂದರು. ಕೋಟು ಬಿಚ್ಚಿಸುವುದೇಕೆಂದು ಅವರು ನಿಂತಂತೆಯೇ ಗುಂಡಿ ಭದ್ರಪಡಿಸಿ, ಗಂಟು ಹಾಕಿ, ಅವರ ಎದೆಗೆ ಮುಖವಿಟ್ಟು ಬಾಗಿ, ಎರಡು ಬಾಚಿಹಲ್ಲುಗಳ ಸಂದಿಗೆ ದಾರ ಕೊಟ್ಟು ತಲೆಯನ್ನು ಒಂದು ಪಕ್ಕಕ್ಕೆ ಎಳೆದೆ. 'ಟಪ್' ಎಂದಿತು. ಗುಂಡಿ ಕಿತ್ತುಬಂತೆಂದು ನಾನಂದುಕೊಂಡೆ, ಪಕ್ಕೆಲುಬು ಹೋಯಿತೆಂದು ಅವರಂದುಕೊಂಡರು. ತಲೆಯೆತ್ತಿ ನೋಡಿದರೆ ಸೆಟ್ಟಿನ ಎಡ ಅರ್ಧ ನನ್ನ ನಾಲಿಗೆಯ ಮೇಲೆ; ಬಲ ಅರ್ಧ ದಾರಕ್ಕೆ ಸಿಕ್ಕಿಕೊಂಡು, ಸಭೆಗೆ ಮುಂಚೆಯೇ ಕೊಟ್ಟ ಪದಕದ ಹಾಗೆ ಅವರ ಎದೆಯ ಮೇಲೆ ತೂಗಾಡುತ್ತಿದೆ. ಜೀವಮಾನವಿಡೀ ಮಕ್ಕಳನ್ನು ಒಂದೇ ನೋಟದಲ್ಲಿ ನಡುಗಿಸಿದ ಆ ಮಹನೀಯರು ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಬಹಳ ಮೆಲ್ಲಗೆ, "ಟೈಲರ್, ಇದು ನಿಮ್ದಾ?" ಎಂದು ಕೇಳಿದರು.

ಎರಡೂ ಹೋಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಹೋಗಿ ಊಟದ ಮೇಜಿನ ಮೇಲೆ ಬಿಚ್ಚಿಟ್ಟೆ. ಅವಳು ನೋಡಿದಳು. ಏನಾಯಿತೆಂದು ಕೇಳಲಿಲ್ಲ, ಬೈಯಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಒಳಗೆ ಹೋಗಿ ಹಾಲು ಬಿಸಿ ಮಾಡಿ ಎರಡು ಬಟ್ಟಲುಗಳಲ್ಲಿ ಬ್ರೆಡ್ಡು ನೆನೆಸಿ, ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ಹಿಡಿದು ಅಡುಗೆಮನೆಯ ಗೋಡೆಯ ಕಡೆ ತಿರುಗಿದಳು. ಅಂದು ಅವಳು ನನ್ನನ್ನು ನಾಯಿಗಿಂತ ಕಡೆಯಾಗಿ ಬೈದಿದ್ದರೂ ನನಗೆ ಇಷ್ಟು ನೋಯುತ್ತಿರಲಿಲ್ಲ. ಹನ್ನೆರಡು ಲಕ್ಷ ಸಲ ಕಚ್ಚಿದ್ದೀರಂತಲ್ಲ, ಆ ಬೆನ್ನನ್ನು ನೋಡುತ್ತ ಒಂದು ತುತ್ತು ಬ್ರೆಡ್ಡನ್ನು ಗಂಟಲಲ್ಲಿ ಇಳಿಸುವ ಪರೀಕ್ಷೆಯನ್ನು ತಾವು ಒಮ್ಮೆಯಾದರೂ ಪಾಸು ಮಾಡಿ ತೋರಿಸಿ, ಆಮೇಲೆ ಮಾತಾಡೋಣ. ತಮ್ಮ ಮುಖ್ಯಸ್ಥರ ಬಳಿ ನಾನು ಹೋಗಿ ಕೂಗಾಡಿದ್ದು ಮಾರನೆಯ ದಿನ. ಅವರು ತಮ್ಮತ್ತ ಬೆರಳು ತೋರಿಸಿದರಾದರೂ, ಹೋಳುಗಳನ್ನು ಇಸಿದುಕೊಂಡು, ಪರೀಕ್ಷೆ ಮಾಡಿ ಕಾರಣ ತಿಳಿಸುತ್ತೇವೆ ಎಂದರು.

ಕಾರಣ ತಿಳಿಸುವ ದಿನ ಅವಳೂ ಹೊರಟು ನಿಂತಳು. ಯಾಕೆಂದು ಕೇಳಿದರೆ, "ಹನ್ನೆರಡು ಲಕ್ಷ ಅಂತ ಬುರುಡೆ ಬಿಟ್ಟಿದ್ದು ಯಾವ್ದು, ಅದರ ಮೂತಿ ನೋಡ್ಬೇಕು" ಎಂದಳು. ತಮ್ಮನ್ನೇ ಉದ್ದೇಶಿಸಿ ಆಡಿದ ಮಾತು, ಮನ್ನಿಸಬೇಕು.

ಮುಖ್ಯಸ್ಥರು ಗೋಡೆಯ ಪರದೆಯ ಮೇಲೆ ನನ್ನ ಬಾಚಿಹಲ್ಲುಗಳನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ತೋರಿಸಿದರು. ಎರಡರ ನಡುವಿನ ಸಂದಿಯಲ್ಲಿ, ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೀಳುತ್ತದಲ್ಲ, ಅಂಥದೇ ಒಂದು ಕೊರಕಲು. ಬಿರುಕು ಹುಟ್ಟಿದ್ದು ಅಲ್ಲೇ. ಅಗಿತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಡ್ಡ ಎಳೆತಕ್ಕೆ ಗಾಜಿನ ನೂಲೂ ಏನೂ ಮಾಡಲಾಗದು ಎಂದರು. ಸಂಶೋಧಕಿ ಹುಡುಗಿ ಅಷ್ಟು ಅಂದವಾದ ಕೊರಕಲನ್ನು ತಾನು ಎಲ್ಲೂ ನೋಡಿಲ್ಲವೆಂದು ಹಿಗ್ಗುತ್ತ, ನಾನು ಹಲ್ಲಿಂದ ಇನ್ನೇನೇನು ಮಾಡುತ್ತೇನೆಂದು ಕೇಳಿದಳು. ದಾರ ಕಡಿಯುತ್ತೇನೆ ಎಂದೆ. ಅಷ್ಟೇನಾ ಎಂದಳು. ಗುಂಡುಪಿನ್ನುಗಳನ್ನು ಕಚ್ಚಿ ಹಿಡಿದುಕೊಳ್ಳುತ್ತೇನೆ. ಎರಡೂ ಕೈಗೆ ಕೆಲಸವಿದ್ದಾಗ ಅಳತೆ ಟೇಪನ್ನೂ. ಬಿಗಿದ ಗಂಟನ್ನು ಬಿಡಿಸುತ್ತೇನೆ. ಎಣ್ಣೆ ಡಬ್ಬಿಯ ಮುಚ್ಚಳ ಜಾಮಾದರೆ ಆಗೊಮ್ಮೆ ಈಗೊಮ್ಮೆ... ಎನ್ನುವಷ್ಟರಲ್ಲಿ ಮುಖ್ಯಸ್ಥರು ಕೈಯೆತ್ತಿ ತಡೆದು, 'ಉದ್ದೇಶಕ್ಕೆ ಹೊರತಾದ ಬಳಕೆ' ಎಂದು ಷರಾ ಬರೆದು, ನನ್ನನ್ನು ಪ್ರಯೋಗದಿಂದ ಕೈಬಿಟ್ಟರು.

ಉದ್ದೇಶಕ್ಕೆ ಹೊರತು! ಮಾನ್ಯರೇ, ಹಾಗಾದರೆ ಬಾಯಿಯ ಉದ್ದೇಶವೇನೆಂಬುದನ್ನು ಬಾಯಿಯೇ ಇಲ್ಲದ ತಾವು ನಿರ್ಧರಿಸಿದ್ದೀರಿ ಎಂದಾಯಿತು. ಗಟ್ಟಿ ಪದಾರ್ಥ ಕಚ್ಚಬಾರದೆಂದು ಮೊದಲೇ ಹೇಳಿದ್ದರು, ಒಪ್ಪುತ್ತೇನೆ. ದಾರ ಗಟ್ಟಿ ಪದಾರ್ಥವೇ? ದಾರವನ್ನು ಗಟ್ಟಿಯೆನ್ನುವವರು ಮೋಡವನ್ನು ಏನೆನ್ನುತ್ತಾರೆ? ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳಿವೆ. ತಾವು ದಯವಿಟ್ಟು ಒಂದು ಮಳೆಗಾಲದ ಮಟ್ಟಿಗೆ ಮೇಜಿನಿಂದ ಇಳಿದು ನನ್ನ ಅಂಗಡಿಗೆ ಬಂದು ಕೆಲಸ ಕಲಿಯಬೇಕು. ಪಿನ್ನು ಕಚ್ಚಿಕೊಂಡೇ ಗಿರಾಕಿಗೆ 'ನಾಳೆ ಖಂಡಿತ ಕೊಡ್ತೀನಿ' ಎನ್ನುವ ಅಭ್ಯಾಸವನ್ನು ಮಾಡಬೇಕು. ತಮಗೆ ನೆಗಡಿ ಬರುವಂಥ, ಆಕಳಿಕೆ ಬರುವಂಥ, ಊಟದ ನಡುವೆ ಯಾರೋ ಹೇಳಿದ ಜೋಕಿಗೆ ನೀರು ಮೂಗಿಗೇರುವಂಥ ವ್ಯವಸ್ಥೆಯನ್ನು ಸಂಶೋಧನಾಲಯದವರು ತಕ್ಷಣ ಮಾಡಬೇಕು. ತಮಗೊಬ್ಬ ಬೀಗರನ್ನು ಮಂಜೂರು ಮಾಡಿ, ಮನಸ್ಸಿಲ್ಲದಿದ್ದರೂ ಅವರ ಮುಂದೆ ಅರ್ಧ ಗಂಟೆ ಹಲ್ಲು ಕಿರಿಯುವ ಪರೀಕ್ಷೆಯನ್ನು ಕಡ್ಡಾಯಗೊಳಿಸಬೇಕು. ಸಾಧ್ಯವಾದರೆ ತಮಗೊಂದು ಮದುವೆಯನ್ನೂ ಮಾಡಬೇಕು. ಹನ್ನೆರಡು ಲಕ್ಷ ಸಲ ನಾಲಿಗೆ ಕಚ್ಚಿಕೊಳ್ಳುವುದೆಂದರೇನು ಎಂಬುದು ಆಗ ತಮಗೂ ತಿಳಿಯುತ್ತದೆ.

ಇದನ್ನೆಲ್ಲ ಅಲ್ಲೇ ಒದರಿಬಿಡಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಹೆಂಡತಿ ಪರದೆಯ ಮೇಲಿನ ಕೊರಕಲನ್ನು ನೋಡಿ ನಗುತ್ತಿದ್ದಾಳೆ! ಕೈ ಅಡ್ಡವಿಲ್ಲ, ಎರಡೂ ಕೈ ಹೊಟ್ಟೆಯ ಮೇಲಿವೆ. ಹಲ್ಲಿಲ್ಲದ ಬಾಯನ್ನು ಕಿವಿಯಿಂದ ಕಿವಿಗೆ ತೆರೆದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಆ ಹುಡುಗಿಯ ತೋಳು ಹಿಡಿದುಕೊಂಡು, "ಅಯ್ಯೋ ನನ್ನ ಕರ್ಮವೇ, ಹಲ್ಲು ಕೆಟ್ಟಿದ್ದಲ್ಲ ಕಣಮ್ಮಾ, ಇವರ ಚಾಳಿ ಕೆಟ್ಟಿದ್ದು! ಕತ್ತರಿ ಪಕ್ಕದಲ್ಲೇ ಬಿದ್ದಿರತ್ತೆ, ಎಷ್ಟು ಸಲ ಬಡ್ಕೊಂಡಿದೀನಿ. ಮಾಡಿದ್ದುಣ್ಣೋ ಮಹರಾಯ!" ಎಂದಳು. ನನ್ನ ಪರವಾಗಿ ಜಗಳಕ್ಕೆ ಬಂದವಳು ತಮ್ಮ ಪಕ್ಷ ಸೇರಿದ್ದಳು. ಮರುಕ್ಷಣ ಗಂಭೀರವಾಗಿ, ಬರೀ ತಿನ್ನುವವಳಿಗೆ, ಬರೀ ಮಾತಾಡುವವಳಿಗೆ ಈ ಹಲ್ಲು ಎಷ್ಟು ಕಾಲ ಬರುತ್ತದೆಂದು ಕೇಳಿದಳು. ಹುಡುಗಿ ಉತ್ತರ ಕೊಡುವ ಬದಲು ಅವಳ ಕೈ ಹಿಡಿದು ತಮ್ಮ ಮುಂದೆ ತಂದು ನಿಲ್ಲಿಸಿದಳು.

ಆ ಗಳಿಗೆ ತಮಗೆ ನೆನಪಿದೆಯೋ ಇಲ್ಲವೋ. ನೀರು ತೊಟ್ಟಿಕ್ಕುತ್ತಿತ್ತು, ತಾವು ಕಚಕ್ ಕಚಕ್ ಎಂದು ಯಾವುದೋ ಸೆಟ್ಟನ್ನು ಕಚ್ಚುತ್ತಿದ್ದಿರಿ. ಮೂತಿ ನೋಡಬೇಕೆಂದು ಬಂದವಳು ಬಗ್ಗಿ ತಮ್ಮ ದವಡೆಯೊಳಗೆ ಇಣುಕಿದಳು. ಬಯ್ಯುತ್ತಾಳೆಂದು ನಾನು ಕಾದೆ. ಅವಳು ಮೆಲ್ಲಗೆ, "ಪಾಪ, ಎಷ್ಟು ಹೊತ್ತಿಂದ ಅಗೀತಿದೆ, ಒಂದು ತುತ್ತೂ ಒಳಗೆ ಹೋಗಿಲ್ಲ" ಎಂದಳು. ಆಮೇಲೆ ಹುಡುಗಿಯ ಕಡೆ ತಿರುಗಿ, "ಇವರ ಜಾಗ ಖಾಲಿ ಆಯ್ತಲ್ಲ, ನನಗೆ ಅಳತೆ ತಗೋಮ್ಮ" ಎಂದಳು. ನಾನು ಕಿಟಕಿಯ ಕಡೆ ತಿರುಗಿ ಕರವಸ್ತ್ರದಿಂದ ಮುಖ ಒರೆಸಿಕೊಂಡೆ. ಅದಕ್ಕೆ ಕಾರಣ ಕೋಪವೆಂದೇ ಮುಖ್ಯಸ್ಥರು ಭಾವಿಸಿ ಒಂದು ಲೋಟ ನೀರು ತರಿಸಿದರು.

ಹೀಗೆ ತಮ್ಮ ದಯೆಯಿಂದ ನಾನು ಪ್ರಯೋಗದಿಂದ ಹೊರಬಿದ್ದು, ಅವಳು ಒಳಸೇರಿದಳು. ಈಗ ಬ್ರೆಡ್ಡು ನೆನೆಯುವುದು ಒಂದೇ ಬಟ್ಟಲಲ್ಲಿ, ಅದು ನನ್ನದು. ಹೊಸ ಹಲ್ಲು ಮೊದಲ ವಾರಗಳಲ್ಲಿ ಅವಳ ವಸಡನ್ನು ಉಜ್ಜಿ ಹುಣ್ಣು ಮಾಡಿತು. ಹುಡುಗಿ ಎರಡು ಸಲ ಸೆಟ್ಟಿನ ಅಂಚು ತೇಯ್ದು ಸರಿಪಡಿಸಿದಳು. ನಾಲಿಗೆ ಪಳಗಲೆಂದು ಇವಳು ದಿನಪತ್ರಿಕೆಯನ್ನು ಸಂಪಾದಕೀಯದಿಂದ ಹಿಡಿದು ಬಾಡಿಗೆ ಮನೆಯ ಜಾಹೀರಾತಿನವರೆಗೂ ಗಟ್ಟಿಯಾಗಿ ಓದಿದಳು. ಎಲ್ಲಿ ಬಿಸಾಡಿಬಿಡುತ್ತಾಳೋ ಎಂದು ನನಗೆ ಒಳಗೊಳಗೇ ಪುಕುಪುಕು. ಬಿಸಾಡಲಿಲ್ಲ. ಬದಲಿಗೆ, ನಾನು ಏನು ಮಾಡಿದರೂ ತಮ್ಮ ಉದಾಹರಣೆ ಕೊಡತೊಡಗಿದಳು. ಅವಸರವಾಗಿ ನುಂಗಿದರೆ 'ಅವರನ್ನ ನೋಡಿ ಕಲೀರಿ', ಸಪ್ಪೆಯೆಂದರೆ 'ಅವರು ಯಾವತ್ತಾದ್ರೂ ಹಾಗಂದಿದಾರಾ'. ತಮಗೆ ಬಹುವಚನ, ನನಗೆ ಬೈಗುಳ. ಕಟ್ಟಿಕೊಂಡ ಗಂಡನ ಮುಂದೆ ಪರಯಂತ್ರವೊಂದನ್ನು ಹೀಗೆ ಹೊಗಳುವುದು ಯಾವ ನ್ಯಾಯವೆಂದು ಕೇಳುವ ಹಕ್ಕು ನನಗಿದೆ. ಸದ್ಯಕ್ಕೆ ಕೇಳಲು ಹಲ್ಲಿಲ್ಲ.

ಕಳೆದ ಭಾನುವಾರ ಅವಳೇ ಹೊರಡಿಸಿದಳು, ಅಕ್ಕನ ಮನೆಗೆ. ಅದೇ ಮೇಜು, ಅದೇ ಭಾವ, ಅವರೇ ಸೊಸೆಯಂದಿರು. ಭಾವ ಮುಂಜಾಗ್ರತೆಯಿಂದ ತಮ್ಮ ತಟ್ಟೆಯನ್ನು ಒಂದಿಷ್ಟು ದೂರ ಸರಿಸಿಕೊಂಡದ್ದನ್ನು ನಾನು ಕಂಡೆ, ಅವಳೂ ಕಂಡಳು. ಅವಳು ಎಲ್ಲರ ನಡುವೆ ಕೂತಳು. ಕೂತಳು ಎಂಬುದನ್ನು ತಾವು ಗಮನಿಸಬೇಕು. ಒಂದು ಹೋಳು ಸೌತೆಕಾಯಿ ತೆಗೆದುಕೊಂಡು, ಇಡೀ ಕೋಣೆಗೆ ಕೇಳುವ ಹಾಗೆ ಕರುಂ ಎಂದು ಕಚ್ಚಿ, ನಿಧಾನವಾಗಿ ಅಗಿದು, ನುಂಗಿ, ಬಾಯಿ ಒರೆಸಿಕೊಂಡು, ನನ್ನ ಕಡೆ ತಿರುಗಿ ಶುರು ಮಾಡಿದಳು. ನಾನು ಹಲ್ಲಿಂದ ಮುಚ್ಚಳ ತೆಗೆಯುವುದರಿಂದ ಹಿಡಿದು, ನಾನು ಗೊರಕೆ ಹೊಡೆಯುವುದು, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವುದು, ಅವಳು ಬಾಯಿ ಮುಚ್ಚಿಕೊಂಡಿದ್ದ ಅಷ್ಟೂ ಕಾಲ ನಾನು ಮಾಡಿದ ಒಂದೊಂದು ಘನಕಾರ್ಯವನ್ನೂ ಎತ್ತಿ, ಝಾಡಿಸಿ, ಒಗೆದು, ಹಿಂಡಿ, ಹರವಿದಳು. ಒಂದು ಅಕ್ಷರ ಜಾರಲಿಲ್ಲ, ಒಂದು ಹಲ್ಲು ಅಲುಗಲಿಲ್ಲ. ಭಾವ ಉಣ್ಣುವುದನ್ನು ಮರೆತರು. ಅಕ್ಕ ಅಳುತ್ತಿದ್ದಳು. ನಾನು ತಲೆ ತಗ್ಗಿಸಿ ಹಾಲು ಬ್ರೆಡ್ಡು ಕಲಸುತ್ತ, ದೇವರೇ, ಇವಳು ಇನ್ನೂ ಸ್ವಲ್ಪ ಬೈಯಲಿ ಎಂದು ಬೇಡಿಕೊಂಡೆ.

ಆದ್ದರಿಂದ, ಮಾನ್ಯ ದೊಡ್ಡಪ್ಪನವರೇ, ಮೇಲೆ ಹೇಳಿದ ಬೇಡಿಕೆಗಳನ್ನೆಲ್ಲ ತಾವು ಕಸದ ಬುಟ್ಟಿಗೆ ಹಾಕಬಹುದು. ನೆಗಡಿ ಬೇಡ, ಬೀಗರು ಬೇಡ, ಮದುವೆಯಂತೂ ಬೇಡವೇ ಬೇಡ. ಒಂದೇ ಒಂದನ್ನು ನಡೆಸಿಕೊಡಿ. ಅವಳ ಬಾಯಲ್ಲಿರುವಂಥದೇ ಸೆಟ್ಟೊಂದನ್ನು ತಮ್ಮ ದವಡೆಗೆ ಈಗ ಹೊಸದಾಗಿ ಸಿಕ್ಕಿಸಿದ್ದಾರೆಂದು ಆ ಹುಡುಗಿ ಹೇಳಿದಳು. ದಯವಿಟ್ಟು ನಿಲ್ಲಿಸಬೇಡಿ. ಕರೆಂಟು ಹೋದರೂ, ಮುಖ್ಯಸ್ಥರು ಬದಲಾದರೂ, ತಮ್ಮ ಬೆನ್ನು ಬಿದ್ದುಹೋದರೂ ಅಗಿಯುತ್ತಲೇ ಇರಿ, ಅವಳಿಗಿಂತ ಒಂದು ತುತ್ತು ಮುಂದೆಯೇ ಇರಿ. ಅದು ಎಂದಾದರೂ ಮುರಿಯಲೇಬೇಕಾದರೆ ಮೊದಲು ತಮ್ಮ ಬಾಯಲ್ಲಿ ಮುರಿಯಲಿ. ನಾವು ಓಡಿಬಂದು ಅವಳದನ್ನು ಬದಲಾಯಿಸಿಕೊಳ್ಳುತ್ತೇವೆ. ನನ್ನ ಹೆಂಡತಿ ಮತ್ತೆ ಆ ಗೋಡೆಯ ಕಡೆ ತಿರುಗಿ ನಿಲ್ಲುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಇಂತು, ಕಚ್ಚಲಾರದಿದ್ದರೂ ಬಿಡಲಾರದ,
ತಮ್ಮ ವಿಶ್ವಾಸಿ,
ಕೋಟಿನ ಟೈಲರ್
(ಸದ್ಯಕ್ಕೆ ಮೇಲ್ಸಾಲು ರಹಿತ)

ತಾ.ಕ.: ತಮ್ಮ ಮುಖ್ಯಸ್ಥರು ಮೊನ್ನೆ ನನ್ನ ಅಂಗಡಿಗೆ ಬಂದು ಹೊಸ ಕೋಟಿಗೆ ಅಳತೆ ಕೊಟ್ಟರು. ಕಾಲರಿಗೆಂದು ಕತ್ತಿನ ಸುತ್ತ ಟೇಪು ಹಿಡಿದಾಗ ಅವರು ಆಕಳಿಸಿದರು. ಒಳಗಿರುವುದು ತಮ್ಮ ವಿನ್ಯಾಸದ ಹಲ್ಲಲ್ಲ, ನೂಲೂ ಇಲ್ಲ ಗಾಜೂ ಇಲ್ಲದ ಹಳೇ ಕಾಲದ ಸೆಟ್ಟು ಎಂಬುದು ಹತ್ತಿರದಿಂದ ಚೆನ್ನಾಗಿಯೇ ಕಂಡಿತು. ಕೇಳಿದ್ದಕ್ಕೆ, ಇಪ್ಪತ್ತು ವರ್ಷದಿಂದ ಏನೂ ಆಗಿಲ್ಲವೆಂದೂ ದಯವಿಟ್ಟು ಯಾರಿಗೂ ಹೇಳಬಾರದೆಂದೂ ಕೈ ಮುಗಿದರು. ಮಾತು ಕೊಟ್ಟಿದ್ದೇನೆ. ತಮ್ಮೊಬ್ಬರನ್ನು ಬಿಟ್ಟು ಬೇರೆ ಯಾರಿಗೂ ತಿಳಿಸಿಲ್ಲ.